ಸೊಸೆಯ ಕೈಯ ನೀರು

ಗಂಡ ಎಲ್ಲಿ ಕೂತು ಕುಡಿಯುತ್ತಾನೆ ಅನ್ನುವುದು ಮುನಿಕೃಷ್ಣಮ್ಮನಿಗೆ ಗೊತ್ತಾದದ್ದು ಅವನ ಪಂಚೆ ಒಗೆಯುವಾಗ. ಊರ ಮಣ್ಣಾಗಿದ್ದರೆ ಕೆಂಪಗಿರಬೇಕಿತ್ತು, ತೋಟದ ಕೆಸರಾಗಿದ್ದರೆ ಕಪ್ಪಗಿರಬೇಕಿತ್ತು. ಇದು ಎರಡೂ ಅಲ್ಲ. ಪಂಚೆಯ ಹಿಂಭಾಗದಲ್ಲಿ ಅಂಗೈಯಗಲ ಬಿಳೀ ಪುಡಿ ಮೆತ್ತಿಕೊಂಡಿತ್ತು, ಉಜ್ಜಿದರೆ ಬೆರಳಿಗೆ ಚುಚ್ಚುತ್ತಿತ್ತು. ಅಮೃತಹಳ್ಳಿಯ ಸುತ್ತಮುತ್ತ ಕಲ್ಲಿನ ಪುಡಿ ಇರುವುದು ಒಂದೇ ಕಡೆ, ತಣಿಸಂದ್ರದ ದಾರಿಯ ಬಂಡೆ ಹಳ್ಳದಲ್ಲಿ. ಕಲ್ಲು ಒಡೆಯುವವರು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಆ ಗುಂಡಿಯೊಳಗೆ ಇಳಿದು ಕೂತರೆ ರಸ್ತೆಯಲ್ಲಿ ಹೋಗುವವರಿಗೆ ತಲೆಯೂ ಕಾಣುವುದಿಲ್ಲ.

"ಓಹೋ, ಅಲ್ಲಿಗೆ ಹೋದ್ಯಾ ನೀನು!" ಎಂದು ಪಂಚೆಯನ್ನೇ ಬೈದು, ಒಗೆಯುವ ಕಲ್ಲಿನ ಮೇಲೆ ನಾಲ್ಕು ಸಲ ಜಾಸ್ತಿಯೇ ಕುಕ್ಕಿದಳು.

ಅದು ಐವತ್ತೇಳನೇ ಇಸವಿ, ಫ್ಲೂ ಜ್ವರದ ವರ್ಷ. ಮದರಾಸಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು ಅಂತ ಜನ ಆಡಿಕೊಳ್ಳುತ್ತಿದ್ದರು. ಹೆಬ್ಬಾಳದಲ್ಲಿ ಮನೆಗೊಬ್ಬರು ಮಲಗಿದರು. ಯಲಹಂಕದ ಸ್ಕೂಲಿಗೆ ಬೀಗ ಬಿತ್ತು. ಆಮೇಲೆ ಒಂದು ಸಂಜೆ ಅಮೃತಹಳ್ಳಿಯ ಬೀದಿಯಲ್ಲೂ ತಮಟೆ ಕೇಳಿಸಿತು. ಕಟ್ಟೆಯ ಮೇಲಾಗಲಿ, ಹೆಂಡದಂಗಡಿಯ ಮುಂದಾಗಲಿ ಐದು ಜನಕ್ಕಿಂತ ಹೆಚ್ಚು ಸೇರಬಾರದು. ಬಯಲಲ್ಲಿ, ರಸ್ತೆ ಬದಿಯಲ್ಲಿ ಕೂತು ಕುಡಿಯಬಾರದು. ಮದುವೆಗಾಗಲಿ ಸಾವಿಗಾಗಲಿ ಹತ್ತೇ ಜನ. ಮೀರಿದವರನ್ನು ಪೋಲೀಸಿನವರು ಹಿಡಿದುಕೊಂಡು ಹೋಗುತ್ತಾರೆ.

ತಮಟೆಯವನ ಪಕ್ಕದಲ್ಲಿ ಖಾಕಿ ಹಾಕಿಕೊಂಡು, ಕಾಲಿಗೆ ಪಟ್ಟಿ ಸುತ್ತಿಕೊಂಡು, ಕಾಗದ ಹಿಡಿದು ಓದಿದವನು ಬೇರೆ ಯಾರೂ ಅಲ್ಲ, ಮುನಿಕೃಷ್ಣಮ್ಮನ ಮಗ ರಾಮಕೃಷ್ಣಪ್ಪ. ಪೋಲೀಸು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು, ಬಳ್ಳಾರಿ ರಸ್ತೆಯ ಔಟ್‌ಪೋಸ್ಟಿಗೆ ಹಾಕಿಸಿಕೊಂಡು ಆರು ತಿಂಗಳು. ಮನೆಗೆ ಹತ್ತಿರವಾಯಿತಲ್ಲ ಅಂತ ಅವತ್ತು ಅವಳು ಸಂಭ್ರಮದಿಂದ ಹೋಳಿಗೆ ಮಾಡಿದ್ದಳು.

ಅವನು ಓದುವಾಗ ಅರಳಿಕಟ್ಟೆಯ ಮೇಲೆ ಅವನಪ್ಪ ಪಿಳ್ಳಪ್ಪನೇ ಕೂತಿದ್ದ. ಪಿಳ್ಳಪ್ಪ ಕುಡುಕನೇನಲ್ಲ, ಹಾಗಂತ ಕುಡಿಯದವನೂ ಅಲ್ಲ. ನಸುಕಿನಲ್ಲೆದ್ದು ಸೊಪ್ಪು ಮೂಲಂಗಿ ಕಿತ್ತು ಮಾರ್ಕೆಟ್ಟಿನ ಗಾಡಿಗೆ ಹಾಕಿ, ದ್ರಾಕ್ಷಿ ಚಪ್ಪರಕ್ಕೆ ನೀರು ಕಟ್ಟಿ, ಸಂಜೆಯಾಯಿತೆಂದರೆ ಐದು ಜನ ಗೆಳೆಯರ ಜೊತೆ ಕೂತು ಎರಡು ಕರಟ ಈಚಲ ಹೆಂಡ ಕುಡಿಯುವುದು ಮೂವತ್ತು ವರ್ಷದ ರೂಢಿ. ಹೆಂಡಕ್ಕಿಂತ ಮಾತೇ ಜಾಸ್ತಿ. ಅದರಲ್ಲೂ ಮುನಿವೆಂಕಟಯ್ಯ ಅನ್ನುವವನ ಜೊತೆ. ಇಬ್ಬರೂ ಒಂದೇ ವಾರದಲ್ಲಿ ಹುಟ್ಟಿದವರು, ಒಬ್ಬನಿಗೆ ಕೆಮ್ಮಾದರೆ ಇನ್ನೊಬ್ಬ ಶುಂಠಿ ಹುಡುಕಿಕೊಂಡು ಹೋಗುವಂಥವರು.

"ಏನ್ಲಾ, ಹುಟ್ದಾಗ್ಲಿಂದ ಕೂತಿರೋ ಕಟ್ಟೆ ಮೇಲೆ ಕೂರಬೇಡ ಅಂತ ನಮ್ಗೇ ಹೇಳಾಕೆ ಬಂದ್ಯಾ?" ಎಂದು ಪಿಳ್ಳಪ್ಪ ಎಲ್ಲರ ಎದುರಿಗೇ ಕೇಳಿದ.

"ನಾನ್ ಹೇಳ್ತಿಲ್ಲ ಅಪ್ಪಾ. ಸರ್ಕಾರ ಹೇಳ್ತಿರೋದು."

"ಸರ್ಕಾರಕ್ಕೆ ನಿನ್ ಬಾಯೇ ಬೇಕಿತ್ತಾ?"

ಕಟ್ಟೆಯಲ್ಲಿ ನಗು ಎದ್ದಿತು. ರಾಮಕೃಷ್ಣಪ್ಪ ಕಿವಿಯವರೆಗೂ ಕೆಂಪಾಗಿ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಮಾರನೇ ದಿನದಿಂದ ಆರು ಜನವೂ ಕಟ್ಟೆಗೆ ಬರಲಿಲ್ಲ. ಸಂಜೆ ಮಾತ್ರ ಪಿಳ್ಳಪ್ಪ ಮನೆಯಲ್ಲಿರುತ್ತಿರಲಿಲ್ಲ. ಬಂಡೆ ಹಳ್ಳದ ಪುಡಿ ಪಂಚೆಗೆ ಹತ್ತಿದ್ದು ಹೀಗೆ.

ಇಷ್ಟೇ ಆಗಿದ್ದರೆ ಮುನಿಕೃಷ್ಣಮ್ಮ ಸುಮ್ಮನಿರುತ್ತಿದ್ದಳೋ ಏನೋ. ಮನೆಯಲ್ಲಿ ಐದು ತಿಂಗಳ ಕೂಸಿತ್ತು. ಸೊಸೆ ಲಕ್ಷ್ಮಿದೇವಮ್ಮ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದು ಒಂದೂವರೆ ತಿಂಗಳಾಗಿತ್ತು. ಹೆಣ್ಣು ಮಗು, ಪಿಳ್ಳಪ್ಪನ ತಾಯಿಯ ಹೆಸರನ್ನೇ ಇಟ್ಟು ಯಲ್ಲಮ್ಮ ಅಂತ ಕರೆದಿದ್ದರು. ಪಿಳ್ಳಪ್ಪ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. "ನಮ್ಮವ್ವ ಎಲ್ಲಿ? ನಮ್ಮವ್ವ ಉಂಡಳಾ?" ಅನ್ನುವುದೇ. ಬಂಡೆ ಹಳ್ಳದಿಂದ ಬಂದವನು ಚಪ್ಪಲಿ ಬಿಡುವುದಕ್ಕೆ ಮುಂಚೆ ಕೂಸನ್ನು ಎತ್ತಿಕೊಳ್ಳುತ್ತಿದ್ದ.

ಒಂದು ಸಂಜೆ ಲಕ್ಷ್ಮಿದೇವಮ್ಮ ತಡೆಯಲಾರದೆ ಹೇಳಿಯೇಬಿಟ್ಟಳು.

"ಮಾವ, ಬಚ್ಚಲಲ್ಲಿ ಬಿಸಿನೀರಿಟ್ಟಿದೀನಿ. ಕೈಕಾಲು ತೊಳ್ಕೊಂಡು ಬಂದು ಎತ್ಕೊಳ್ಳಿ. ಊರೆಲ್ಲ ಜ್ವರ."

"ಏನಮ್ಮಾ, ನಾನು ಮುಟ್ಟಿದ್ರೆ ನಮ್ಮವ್ವಂಗೆ ಮೈಲಿಗೆನಾ?"

"ಅಂಗಲ್ಲ ಮಾವ..."

"ಎಂಗೂ ಬ್ಯಾಡ ಬಿಡು." ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಹೋಗಿ ಜಗಲಿಯಲ್ಲಿ ಕೂತ. ಅವತ್ತು ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಮುನಿಕೃಷ್ಣಮ್ಮ ಸೊಸೆಯ ಪರವಾಗಿ ಒಂದು ಮಾತೂ ಆಡಲಿಲ್ಲ. ಆದರೆ ಎದೆಯೊಳಗೆ ಭಯ ಕೂತುಬಿಟ್ಟಿತು. ಸೊಸೆ ಹೇಳಿದ್ದು ಸರಿ ಅಂತ ಅವಳಿಗೆ ಗೊತ್ತಿತ್ತು. ಗಂಡನಿಗೆ ಹೇಳಿದರೆ ಕೇಳುವವನಲ್ಲ. ಮೂವತ್ತು ವರ್ಷ ಹೇಳಿ ನೋಡಿದ್ದಾಳಲ್ಲ!

ಎರಡು ದಿನ ಬಿಟ್ಟು ಬೆಳಗ್ಗೆ ರಾಮಕೃಷ್ಣಪ್ಪ ಉಣ್ಣುವುದಕ್ಕೆ ಕೂತ. ಸೊಸೆ ಹಿತ್ತಲಲ್ಲಿ ಕೂಸಿಗೆ ನೀರು ಹಾಕುತ್ತಿದ್ದಳು. ಮುದ್ದೆ ಮುರಿದವನು ಬಾಯಿಗಿಡದೆ ತಟ್ಟೆಯಲ್ಲೇ ಹೊರಳಿಸುತ್ತಿದ್ದ.

"ಯಾಕಪ್ಪಾ, ಸಾರು ಉಪ್ಪಾಯ್ತಾ?"

"ಸಾರು ಚೆನ್ನಾಗೈತೆ ಬಿಡಮ್ಮ. ಇನ್ಸ್‌ಪೆಕ್ಟರು ನಿನ್ನೆ ಎಲ್ಲರ ಮುಂದೆ ಮಾನ ಕಳೆದ್ರು. ನಿಮ್ಮೂರಲ್ಲೇ ಗುಂಪು ಸೇರ್ಕೊಂಡು ಕುಡೀತಾರಂತೆ, ಎಲ್ಲಿ ಅಂತ ನಿನಗೇ ಗೊತ್ತಿಲ್ವಾ, ಗೊತ್ತಿದ್ದೂ ಮುಚ್ಚಿಡ್ತೀಯಾ ಅಂದ್ರು."

ಮುನಿಕೃಷ್ಣಮ್ಮ ಹಿತ್ತಲ ಕಡೆ ಒಂದು ಸಲ ನೋಡಿದಳು. ಆಮೇಲೆ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಾ ಮೆಲ್ಲಗೆ ಹೇಳಿದಳು.

"ಬಂಡೆ ಹಳ್ಳದಾಗೆ ಕೂರ್ತಾರೆ ಕಣಪ್ಪ. ನಿಮ್ಮಪ್ಪನೂ ಅಲ್ಲೇ. ದಿನಾ ದೀಪ ಹಚ್ಚೋ ಹೊತ್ಗೆ ಮುಂಚೆ."

ಅವನು ತಲೆಯೆತ್ತಿದ.

"ಹೆದರ್ಸು ಅಷ್ಟೇ. ಲಾಠಿ ತಗೊಂಡು ಬಂಡೆ ಮೇಲೆ ಕುಟ್ಟು, ಎದ್ದು ಮನೆಗೋಗ್ತಾರೆ. ಒಂದು ಸಲ ಹೆದರಿದ್ರೆ ಆಮೇಲೆ ಮನೇಲಿರ್ತಾನೆ. ಕೂಸಿಗೋಸ್ಕರ ಹೇಳ್ದೆ. ನಾನ್ ಹೇಳ್ದೆ ಅಂತ ಮಾತ್ರ ಬಾಯಿ ಬಿಡಬ್ಯಾಡ."

"ನಿನ್ನಾಣೆಗೂ ಬಿಡಲ್ಲಮ್ಮ."

ಅವಳ ಲೆಕ್ಕ ಅಷ್ಟೇ ಇದ್ದದ್ದು. ಮಗ ಖಾಕಿ ಹಾಕಿದರೂ ಮಗನೇ, ಲಾಠಿ ಮನೆಯ ಮೂಲೆಯಲ್ಲಿ ಒರಗಿಸಿಡುವ ಕೋಲೇ. ಖಾಕಿಯ ಹಿಂದೆ ಇನ್ನೊಂದು ಖಾಕಿ ಬರುತ್ತದೆ ಅನ್ನುವುದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಅವತ್ತು ಸಂಜೆ ರಾಮಕೃಷ್ಣಪ್ಪ ಒಬ್ಬನೇ ಹೊರಟಿದ್ದ. ಸೈಕಲ್ ಹತ್ತುವ ಹೊತ್ತಿಗೆ ದಫೇದಾರ್ ಬೈರಣ್ಣನವರು "ಎಲ್ಲಿಗಯ್ಯಾ?" ಅಂದರು. ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ. ಅವರೂ ಹೊರಟರು, ಜೊತೆಗೆ ಇನ್ನಿಬ್ಬರು ಪೇದೆಗಳು. ಹಳ್ಳದ ಎರಡೂ ಬಾಯಿ ಕಟ್ಟಿ ನಿಂತರೆ ಓಡುವುದಕ್ಕೆ ಜಾಗವೆಲ್ಲಿ? ಆರು ಜನರನ್ನೂ ಸಾಲಾಗಿ ನಿಲ್ಲಿಸಿ, ಹೆಂಡದ ಗಡಿಗೆ ಒಡೆದು, ಬಳ್ಳಾರಿ ರಸ್ತೆಯವರೆಗೂ ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ಹೆಂಗಸರು ಮಕ್ಕಳು ಬಾಗಿಲಿಗೆ ಬಂದು ನೋಡಿದರು. ಪಿಳ್ಳಪ್ಪ ತಲೆಗೆ ಸುತ್ತಿದ್ದ ವಲ್ಲಿಯನ್ನು ತೆಗೆದು ಮುಖಕ್ಕೆ ಹಾಕಿಕೊಂಡನಂತೆ.

ಸುದ್ದಿ ಬಂದಾಗ ಮುನಿಕೃಷ್ಣಮ್ಮ ಒಲೆ ಮುಂದೆ ಕೂತವಳು ಕೂತೇ ಇದ್ದಳು. ಲಕ್ಷ್ಮಿದೇವಮ್ಮನೇ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಎಸರಿಗಿಟ್ಟಳು.

"ಮಾವ ಒಬ್ರಿಗೇ ತಗೊಂಡೋದ್ರೆ ಅವರು ತಿನ್ನಲ್ಲ ಅತ್ತೆ. ಆರು ಜನಕ್ಕೂ ಮಾಡೋಣ."

ಆರು ಮುದ್ದೆ ಕಟ್ಟಿ, ಹುರುಳಿ ಸಾರು ಮಾಡಿ, ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ಕೊಟ್ಟಳು. ಮುನಿಕೃಷ್ಣಮ್ಮ ಬುಟ್ಟಿ ಹೊತ್ತು ಓಡೋಡಿ ಹೋದಳು.

ಔಟ್‌ಪೋಸ್ಟಿನಲ್ಲಿ ಇದ್ದದ್ದು ಒಂದು ಕೋಣೆ, ಒಂದು ಕಿಟಕಿ. ಕಂಬಿಯ ಸಂದಿಯಿಂದ ನೋಡಿದರೆ ಆರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಮೂಲೆಯಲ್ಲಿ ಏಳನೆಯವನು, ಹಿಂದಿನ ದಿನ ರಸ್ತೆ ಬದಿಯಲ್ಲಿ ಕುಡಿಯುತ್ತಿದ್ದಾಗ ಸಿಕ್ಕಿದ ಯಾವನೋ ಗಾಡಿಯವನು, ಕಂಬಳಿ ಹೊದ್ದು ಮಲಗಿ ಎಡೆಬಿಡದೆ ಕೆಮ್ಮುತ್ತಿದ್ದ. ಗಾಳಿಯಾಡುವ ಕಟ್ಟೆಯ ಮೇಲೆ ಗುಂಪು ಸೇರಬೇಡಿ ಅಂದವರು ಆ ಗುಂಪನ್ನೇ ತಂದು ಇಲಿ ಬೋನಿನಂಥ ಕೋಣೆಗೆ ತುಂಬಿದ್ದರು. ಇದು ಯಾವ ಸೀಮೆಯ ನ್ಯಾಯವೋ!

"ಸಾಹೇಬ್ರು ಬೆಳಗ್ಗೆ ಬಂದು ಎಚ್ಚರಿಕೆ ಕೊಟ್ಟು ಬಿಡ್ತಾರಮ್ಮ," ಎಂದು ರಾಮಕೃಷ್ಣಪ್ಪ ಅವಳ ಕಣ್ಣು ನೋಡದೆ ಹೇಳಿದ. "ದಫೇದಾರ್ ಸಾಹೇಬ್ರು ನಿಮ್ಮಪ್ಪನ್ನ ಮಾತ್ರ ಈಗ್ಲೇ ಕಳ್ಸು ಅಂದ್ರು. ಅಪ್ಪನೇ ಏಳ್ತಿಲ್ಲ."

ಒಳಗಿನಿಂದ ಪಿಳ್ಳಪ್ಪನ ದನಿ ಬಂತು. "ಆರು ಜನ ಕೂತಿದ್ವಿ. ಬಿಟ್ರೆ ಆರು ಜನಾನೂ ಬಿಡಿ. ನಾನೇನು ಪೋಲೀಸಿನೋರ ನೆಂಟ ಅಲ್ಲ."

ಅವಳು ಮುದ್ದೆ ಹಂಚಿದಳು. ಆರು ಮುದ್ದೆ, ಏಳು ಜನ. ಪಿಳ್ಳಪ್ಪ ತನ್ನದನ್ನು ಎರಡು ಭಾಗ ಮಾಡಿ, ಗಾಡಿಯವನನ್ನು ಎಬ್ಬಿಸಿ ತೊಡೆಗೆ ಒರಗಿಸಿಕೊಂಡು ತುತ್ತು ಮಾಡಿ ತಿನ್ನಿಸಿದ. ಗಾಡಿಯವನು ಅವನ ಎದೆಯ ಮೇಲೇ ಕೆಮ್ಮಿದ. "ಬ್ಯಾಡ ಕಣಯ್ಯ, ದೂರ ಕೂತ್ಕೋ," ಎಂದು ಮುನಿಕೃಷ್ಣಮ್ಮ ಕಂಬಿ ಹಿಡಿದು ಅಂಗಲಾಚಿದಳು.

"ಎಲ್ಲಿಗೆ ದೂರ ಓಗ್ಲಿ? ಜಾಗ ತೋರ್ಸು," ಅಂದ ಪಿಳ್ಳಪ್ಪ.

ಬೆಳಗ್ಗೆ ಬಿಟ್ಟರು. ಪಿಳ್ಳಪ್ಪ ಮನೆಗೆ ಬಂದವನು ಹೊಸ್ತಿಲು ದಾಟಲಿಲ್ಲ. ದನದ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿಕೊಂಡ. ಮಧ್ಯಾಹ್ನ ರಾಮಕೃಷ್ಣಪ್ಪ ಬಂದು ಎದುರಿಗೆ ನಿಂತ.

"ಅಪ್ಪಾ, ಒಳಗೆ ಬಾ."

"ಯಾರು ಹೇಳಿದ್ದು?"

"ಏನು?"

"ಬಂಡೆ ಹಳ್ಳ ಅಂತ ಯಾರು ಹೇಳಿದ್ದು? ನೀನಾಗಿ ಹುಡುಕೋವಷ್ಟು ಬುದ್ಧಿ ನಿನ್ಗಿಲ್ಲ. ನನ್ ಹೆಗಲ ಮ್ಯಾಲೆ ಬೆಳೆದೋನು, ನಿನ್ನ ನಾನು ಕಾಣೆನಾ?"

ರಾಮಕೃಷ್ಣಪ್ಪ "ಯಾರೋ ಹೇಳಿದ್ರು" ಅಂದ. ಬಾಗಿಲಲ್ಲಿ ನಿಂತಿದ್ದ ಮುನಿಕೃಷ್ಣಮ್ಮನ ಕಡೆ ತಪ್ಪಿಯೂ ನೋಡಲಿಲ್ಲ.

"ನಂಗೊತ್ತು ಬಿಡು," ಅಂದ ಪಿಳ್ಳಪ್ಪ. "ನಮ್ಮವ್ವನ್ನ ಎತ್ಕೊಂಡ್ರೆ ಮುಖ ಸಿಂಡರಿಸ್ತಿದ್ಳಲ್ಲ, ಅವಳೇ. ಹುಲ್ಲು ಕುಯ್ಯೋಕೆ ಆ ಕಡೆ ಓಗ್ತಾಳೆ, ನೋಡ್ಕೊಂಡು ಬಂದು ಗಂಡನ ಕಿವಿಗೆ ಊದವಳೆ."

ಒಳಗಿದ್ದ ಲಕ್ಷ್ಮಿದೇವಮ್ಮ ಕೇಳಿಸಿಕೊಂಡು ಹೊರಗೆ ಬಂದಳು. ಕಂಕುಳಲ್ಲಿ ಕೂಸು.

"ನಾನ್ ಹೇಳಿಲ್ಲ ಮಾವ. ಈ ಕೂಸಿನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ..."

"ಕೈ ತೆಗಿ!" ಪಿಳ್ಳಪ್ಪ ಎದ್ದು ನಿಂತುಬಿಟ್ಟ. "ಸುಳ್ಳು ಆಣೆಗೆ ನಮ್ಮವ್ವನ ತಲೆ ಸಿಕ್ತಾ ನಿಂಗೆ? ಇವತ್ತಿಂದ ನಿನ್ ಕೈಯ ಒಂದು ತೊಟ್ಟು ನೀರೂ ನನ್ ಬಾಯಿಗೆ ಬೀಳಬಾರದು."

ಲಕ್ಷ್ಮಿದೇವಮ್ಮ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಇಬ್ಬರಲ್ಲಿ ಒಬ್ಬರಾದರೂ ಅಲ್ಲ ಅನ್ನುತ್ತಾರೆ ಅಂತ ಕಾದಳು. ಮುನಿಕೃಷ್ಣಮ್ಮನ ನಾಲಗೆಯ ತುದಿಗೇ ಬಂದಿತ್ತು. ನಾನೇ ಕಣಯ್ಯ ಹೇಳಿದ್ದು. ಮೂರೇ ಮಾತು. ಆದರೆ ಮೂವತ್ತು ವರ್ಷದ ಸಂಸಾರ. ಈ ಮನುಷ್ಯ ಎಂದೂ ಅವಳ ಮೇಲೆ ಕೈ ಮಾಡಿದವನಲ್ಲ, ಸಂತೆಗೆ ಹೋದರೆ ಹೂ ಮರೆತು ಬಂದವನಲ್ಲ. ಅವನು ಈಗ ಸೊಸೆಯನ್ನು ನೋಡುತ್ತಿದ್ದ ಹಾಗೆ ತನ್ನನ್ನು ನೋಡಿಬಿಟ್ಟರೆ? ನಾಳೆ ಹೇಳೋಣ, ಸಿಟ್ಟು ಇಳಿಯಲಿ ಅಂದುಕೊಂಡು ಕರುವಿಗೆ ನೀರು ತೋರಿಸುವ ನೆಪದಲ್ಲಿ ಕೊಟ್ಟಿಗೆಗೆ ಹೋದಳು.

ನಾಲ್ಕನೇ ದಿನ ಪಿಳ್ಳಪ್ಪನಿಗೆ ಜ್ವರ ಬಂತು. ಆರು ಜನಕ್ಕೂ ಬಂತು. ಮುನಿವೆಂಕಟಯ್ಯನೂ ಮಲಗಿದ. ಯಲಹಂಕದಿಂದ ಬಂದ ಡಾಕ್ಟರು ಮನೆಮನೆಗೆ ಒಂದೊಂದು ಸೀಸೆ ಕೆಂಪು ಮಿಕ್ಸ್ಚರು ಕೊಟ್ಟು, ನೀರು ಗಂಜಿ ಕುಡಿಸುತ್ತಿರಿ, ಮಗುವನ್ನು ಹತ್ತಿರ ಬಿಡಬೇಡಿ ಎಂದು ಹೇಳಿಹೋದರು. ಬಿಡಬೇಡಿ ಅಂತ ಹೇಳುವುದೇ ಬೇಕಿರಲಿಲ್ಲ. ಔಟ್‌ಪೋಸ್ಟಿನಿಂದ ಬಂದ ದಿನದಿಂದ ಪಿಳ್ಳಪ್ಪನೇ ಕೂಸನ್ನು ಮುಟ್ಟಿರಲಿಲ್ಲ. ಬೆಳಗ್ಗೆ ಸಂಜೆ ಮುನಿಕೃಷ್ಣಮ್ಮ ಕೂಸನ್ನು ತಂದು ಅಂಗಳದ ಆ ತುದಿಯಲ್ಲಿ ಎತ್ತಿ ಹಿಡಿಯಬೇಕು, ಇವನು ಜಗಲಿಯಲ್ಲಿ ಮಲಗಿದಲ್ಲಿಂದಲೇ ನೋಡುತ್ತಿದ್ದ.

"ಇನ್ನೂ ದೂರ ಕಣೇ, ಗಾಳಿ ಈ ಕಡೆಯಿಂದ ಬೀಸ್ತೈತೆ," ಅನ್ನುತ್ತಿದ್ದ.

ತಲೆ ಎತ್ತುವುದಕ್ಕೆ ಆಗದಷ್ಟು ನಿತ್ರಾಣವಾದಾಗ, ರಾಮಕೃಷ್ಣಪ್ಪ ಕೂಸಾಗಿದ್ದಾಗ ಹಾಲು ಕುಡಿದಿದ್ದ ಹಳೇ ಹಿತ್ತಾಳೆಯ ಕೊಕ್ಕಿನ ಒಳಲೆಯನ್ನು ಅಟ್ಟದಿಂದ ತೆಗೆದರು. ಲಕ್ಷ್ಮಿದೇವಮ್ಮ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ ಬಿಸಿನೀರಿನಲ್ಲಿ ಅದ್ದಿದಳು. ರಾಗಿಯನ್ನು ನೆನೆಸಿ, ಅರೆದು, ಹಾಲು ಹಿಂಡಿ, ತೆಳ್ಳಗೆ ಗಂಜಿ ಕಾಸಿ, ಚಿಟಿಕೆ ಉಪ್ಪು ಮಜ್ಜಿಗೆ ಹಾಕಿ ಕೊಡುವವಳು ಅವಳೇ. ಅತ್ತೆಯ ಕೈಗೆ ಕೊಟ್ಟು ಬಾಗಿಲ ಹಿಂದೆ ನಿಂತು ಎಷ್ಟು ಕುಡಿದರು ಅಂತ ನೋಡುತ್ತಿದ್ದಳು.

"ಗಂಜಿ ಬಾಯಿಗೆ ಹಿತವಾಗೈತೆ," ಎಂದ ಪಿಳ್ಳಪ್ಪ ಒಂದು ದಿನ. "ನೀನೇ ಮಾಡಿದ್ದಾ?"

"ಹೂಂ, ನಾನೇ," ಅಂದಳು ಮುನಿಕೃಷ್ಣಮ್ಮ.

ಬಾಗಿಲ ಹಿಂದೆ ಬಳೆ ಸದ್ದಾಯಿತು. ಅತ್ತೆ ಒಳಗೆ ಬಂದಾಗ ಲಕ್ಷ್ಮಿದೇವಮ್ಮ ರಾಗಿ ಅರೆಯುತ್ತಿದ್ದಳು. ರಾಮಕೃಷ್ಣಪ್ಪ ಕೆಲಸದಿಂದ ಬಂದವನು ಖಾಕಿ ಕಳಚಿ, ತಾಯಿಯನ್ನು ಹಿತ್ತಲಿಗೆ ಕರೆದ.

"ಅಮ್ಮಾ, ಇವಳು ಮೂರು ದಿನದಿಂದ ಉಂಡಿಲ್ಲ. ನನ್ ಜೊತೆ ಮಾತಾಡ್ತಿಲ್ಲ. ನೀನೇ ಅಪ್ಪಂಗೆ ಹೇಳ್ಬಿಡು. ಇಲ್ಲಾಂದ್ರೆ ನಾನ್ ಹೇಳ್ತೀನಿ."

"ಆಣೆ ಮಾಡಿದೀಯ."

"ಆಣೆ ಮನೆ ಹಾಳಾಗ್ಲಿ!"

"ಜ್ವರ ಇಳೀಲಿ ಕಣಪ್ಪ. ಈ ಸ್ಥಿತೀಲಿ ಹೇಳಿದ್ರೆ ಜೀವ ತಡೀತದಾ? ಎದ್ದು ಕೂತ್ಕೊಳ್ಲಿ, ನಾನೇ ಕಾಲು ಹಿಡ್ಕೊಂಡು ಹೇಳ್ತೀನಿ. ನಿಜವಾಗ್ಲೂ ಹೇಳ್ತೀನಿ."

ಮೋಸ ಮಾಡಬೇಕು ಅಂತ ಅಂದ ಮಾತಲ್ಲ. ಜ್ವರ ಇಳಿಯುತ್ತದೆ ಅಂತಲೇ ಅವಳು ನಂಬಿದ್ದಳು. ಮುನಿವೆಂಕಟಯ್ಯನಿಗೆ ಇಳಿಯಿತು, ಉಳಿದ ನಾಲ್ವರಿಗೂ ಇಳಿಯಿತು. ಪಿಳ್ಳಪ್ಪನ ಎದೆಯಲ್ಲಿ ಕಫ ಕಟ್ಟಿಕೊಂಡಿತು.

ಜ್ವರ ಬಂದ ಹನ್ನೆರಡನೇ ದಿನ, ಸೂರ್ಯ ನೆತ್ತಿಯ ಮೇಲಿದ್ದ ಹೊತ್ತಿನಲ್ಲಿ, ಉಸಿರು ಮೇಲೆ ಮೇಲೆ ಬರತೊಡಗಿತು. ಪಕ್ಕದ ಮನೆಯ ಮುದುಕಿ ಯಾರೋ ನೋಡಿ, "ಮನೆಯವ್ರೆಲ್ಲ ಬಾಯಿಗೆ ನೀರು ಬಿಡ್ರಪ್ಪ, ಹೊತ್ತು ಮಾಡಬೇಡಿ," ಅಂದಳು. ರಾಮಕೃಷ್ಣಪ್ಪ ಖಾಕಿಯಲ್ಲೇ ಓಡಿಬಂದ. ಒಳಲೆಗೆ ನೀರು ತುಂಬಿ ತುಳಸಿ ಎಲೆ ಹಾಕಿದರು. ಮೊದಲು ಮಗ ಬಿಟ್ಟ. ಪಿಳ್ಳಪ್ಪ ಕಣ್ಣು ಬಿಟ್ಟು ಮಗನನ್ನು ನೋಡಿ ನುಂಗಿದ. ಅಪ್ಪ ತನ್ನ ಕೈಯಿಂದ ಕುಡಿದನಲ್ಲ ಅಂತ ರಾಮಕೃಷ್ಣಪ್ಪ ಹೋ ಎಂದು ಅತ್ತ.

ಆಮೇಲೆ ಲಕ್ಷ್ಮಿದೇವಮ್ಮ ಬಂದು ಮಂಡಿಯೂರಿ ಕೂತಳು. ಒಳಲೆ ಎತ್ತಿದಾಗ ಹಸಿರು ಗಾಜಿನ ಬಳೆ ಸದ್ದಾಯಿತು. "ಮಾವ," ಅಂದಳು. ಪಿಳ್ಳಪ್ಪ ಆ ಬಳೆಗಳನ್ನು ನೋಡಿದ. ಅಷ್ಟು ಹೊತ್ತೂ ತೆರೆದೇ ಇದ್ದ ಬಾಯಿಯನ್ನು, ಉಸಿರಿಗಾಗಿ ತೆರೆದಿದ್ದ ಬಾಯಿಯನ್ನು, ಮುಚ್ಚಿಕೊಂಡ. ಬಿಟ್ಟ ನೀರು ತುಟಿಯ ಮೇಲಿಂದ ಜಾರಿ, ಗಡ್ಡಕ್ಕಿಳಿದು, ಚಾಪೆಗೆ ಬಿತ್ತು. ಅವಳು ಇನ್ನೊಂದು ಸಲ ಬಿಟ್ಟಳು. ಅದೂ ಹಾಗೇ ಹರಿಯಿತು. ಸೆರಗಿನಿಂದ ಅವನ ಗಲ್ಲ ಒರೆಸಿ, ಒಳಲೆಯನ್ನು ಅತ್ತೆಯ ಕೈಗೆ ಕೊಟ್ಟು ಎದ್ದುಹೋದಳು.

ಮುನಿಕೃಷ್ಣಮ್ಮ ಪಕ್ಕದಲ್ಲೇ ಕೂತಿದ್ದಳು. ಬಾಗಿ ಅವನ ಕಿವಿಯಲ್ಲಿ ಒಂದು ಮಾತು ಹೇಳುವಷ್ಟು ಹತ್ತಿರ. ಹೇಳಲಿಲ್ಲ. ಒಳಲೆ ಹಿಡಿದಳು, ಅವನು ಬಾಯಿ ತೆರೆದ, ನುಂಗಿದ, ಅವಳ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಬೆರಳು ಸಡಿಲವಾಯಿತು.

ಅಮೃತಹಳ್ಳಿಯಲ್ಲಿ ಪಿಳ್ಳಪ್ಪನಂಥವನು ಸತ್ತರೆ ಮೂರು ಊರು ಸೇರಬೇಕಿತ್ತು. ಹತ್ತು ಜನ ಸೇರಿದರು. ಉಳಿದವರು ತಮ್ಮತಮ್ಮ ಬಾಗಿಲಲ್ಲಿ ನಿಂತು ಕೈಮುಗಿದರು. ತಮಟೆಯೂ ಇಲ್ಲ. ದಫೇದಾರ್ ಬೈರಣ್ಣನವರು ಸೈಕಲ್ ಹಿಡಿದುಕೊಂಡು ತೋಟದ ಬದುವಿನಲ್ಲಿ ನಿಂತಿದ್ದರು. ಜ್ವರದಿಂದ ಎದ್ದು ಎರಡು ದಿನವಾಗಿದ್ದ ಮುನಿವೆಂಕಟಯ್ಯ ಕೋಲೂರಿಕೊಂಡು ಬಂದು, ಯಾರು ಬೇಡವೆಂದರೂ ಕೇಳದೆ ಗುಂಡಿ ತೋಡುವುದಕ್ಕೆ ನಾಲ್ಕು ಗುದ್ದಲಿ ಹಾಕಿದ.

ಗುಂಡಿ ತೋಡಿದವರಿಗೆ ಮಣ್ಣು ಮುಚ್ಚಿದ ಜಾಗದಲ್ಲೇ ಹೆಂಡ ಕೊಡುವುದು ಅವರ ಕಡೆಯ ಪದ್ಧತಿ. ಕೊಡದಿದ್ದರೆ ಸತ್ತವನು ಸಾಲಗಾರನಾಗಿ ಹೋಗುತ್ತಾನೆ ಅನ್ನುತ್ತಾರೆ. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರಾಮಕೃಷ್ಣಪ್ಪ ಒದ್ದೆ ಪಂಚೆಯಲ್ಲೇ ಹೆಂಡದಂಗಡಿಗೆ ನಡೆದು, ಹೆಗಲ ಮೇಲೆ ಗಡಿಗೆ ಹೊತ್ತು ತಂದ.

"ಏನಯ್ಯಾ ಇದು? ಬಯಲಲ್ಲಿ?" ಅಂದರು ದಫೇದಾರರು.

"ನಮ್ಮಪ್ಪಂದು ಸಾರ್. ಬರ್ಕೊಳ್ಳಿ. ನನ್ ಹೆಸರೇ ಬರ್ಕೊಳ್ಳಿ."

ದಫೇದಾರರು ಏನೂ ಬರೆದುಕೊಳ್ಳಲಿಲ್ಲ. ಸೈಕಲ್ ತಿರುಗಿಸಿಕೊಂಡು ರಸ್ತೆಯ ಕಡೆ ಹೋದರು. ಮುನಿವೆಂಕಟಯ್ಯ ಮೊದಲ ಕರಟವನ್ನು ಮಣ್ಣಿನ ಮೇಲೆ ಸುರಿದು, "ಕುಡಿ ಮಗಾ, ಇಲ್ಲಿ ಯಾವನೂ ಹಿಡಿಯಾಕೆ ಬರಲ್ಲ," ಎಂದವನು ಅಲ್ಲೇ ಕುಸಿದು ಕೂತ.

ಮೂರನೇ ದಿನ ಹಾಲು ತುಪ್ಪ. ಹೆಂಗಸರೂ ಹೋಗಿ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕು. ಅವತ್ತೂ ಹತ್ತೇ ಜನ. ಗಡಿಗೆಯಲ್ಲಿ ಹಾಲು ಹೊತ್ತುಕೊಂಡು ಲಕ್ಷ್ಮಿದೇವಮ್ಮ, ಹಿಂದೆ ಕೂಸನ್ನೆತ್ತಿಕೊಂಡು ಮುನಿಕೃಷ್ಣಮ್ಮ. ಎಡೆ ಇಟ್ಟು, ಮಗ ಹಾಲು ಬಿಟ್ಟಾದ ಮೇಲೆ ಲಕ್ಷ್ಮಿದೇವಮ್ಮ ಮುಂದೆ ಬಂದಳು. ಮುನಿವೆಂಕಟಯ್ಯ ಕೋಲನ್ನು ಅಡ್ಡ ಹಿಡಿದ.

"ಬ್ಯಾಡ ಕಣಮ್ಮ. ನಿನ್ ಕೈದು ಅವನಿಗೆ ಬ್ಯಾಡವಾಗಿತ್ತು. ಸಾಯೋವಾಗ್ಲೂ ಬಾಯಿ ಮುಚ್ಕೊಂಡನಂತೆ. ಈಗ ಮಣ್ಣಿನ ಮೇಲೆ ಸುರಿದು ಅವನ್ನ ಯಾಕೆ ನೋಯಿಸ್ತೀಯಾ?"

ಲಕ್ಷ್ಮಿದೇವಮ್ಮ ನಿಂತಲ್ಲೇ ನಿಂತಳು. ಈ ಸಲ ಅವಳು ಗಂಡನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ಯಾರೂ ಏನೂ ಹೇಳುವುದಿಲ್ಲ ಅಂತ ಅವಳಿಗೆ ಖಾತ್ರಿಯಾಗಿತ್ತು. ಹಾಲಿನ ಗಡಿಗೆ ಕೆಳಗಿಡುವುದಕ್ಕೆ ಬಾಗಿದಳು. ಅವಳು ಹಾಗೆ ಬಾಗಿದ್ದನ್ನು ನೋಡಿ ಮುನಿಕೃಷ್ಣಮ್ಮ ಕೂಸನ್ನೆತ್ತಿಕೊಂಡೇ ಮುಂದೆ ಬಂದಳು.

"ಕೋಲು ತೆಗಿ ಮುನಿವೆಂಕಟಯ್ಯ," ಅಂದಳು. "ಹೇಳಿದ್ದು ಅವಳಲ್ಲ. ನಾನು."

"ಏನಂದ್ರಿ ಅಕ್ಕಯ್ಯಾ?"

"ಬಂಡೆ ಹಳ್ಳದಾಗೆ ಕೂರ್ತಾರೆ ಅಂತ ನನ್ ಮಗನಿಗೆ ನಾನೇ ಹೇಳಿದ್ದು. ಪಂಚೆ ಒಗೆಯೋವಾಗ ಕಲ್ಲು ಪುಡಿ ನೋಡ್ದೆ. ಕೂಸಿಗೆ ಜ್ವರ ತಂದಾನು ಅಂತ ಭಯ ಆಯ್ತು, ಹೇಳ್ಬಿಟ್ಟೆ. ನನ್ ಗಂಡನ್ನ ಆ ಕೋಣೆಗೆ ಕಳಿಸಿದ್ದು ನಾನೇ ಕಣಪ್ಪ. ಈ ಹುಡುಗಿ ಒಂದು ಮಾತೂ ಹೇಳಿಲ್ಲ. ಹನ್ನೆರಡು ದಿನ ಅವನು ಕುಡಿದ ಗಂಜಿಯೆಲ್ಲ ಇವಳು ಕಾಸಿದ್ದು. ಅದನ್ನೂ ನಾನೇ ಕಾಸಿದ್ದು ಅಂದೆ."

ಕೂಸು ಅಜ್ಜಿಯ ಮೂಗುತಿಗೆ ಕೈ ಹಾಕಿ ಎಳೆಯುತ್ತಿತ್ತು. ಮುನಿವೆಂಕಟಯ್ಯ ಕೋಲನ್ನು ಪಕ್ಕಕ್ಕಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತ. "ಪಿಳ್ಳಪ್ಪಾ, ಎಂಥ ಕೆಲ್ಸ ಆಗೋಯ್ತೋ," ಎಂದು ಮಣ್ಣಿನ ಕಡೆ ನೋಡಿ ಹೇಳಿದ. ಲಕ್ಷ್ಮಿದೇವಮ್ಮ ಗಡಿಗೆಯನ್ನು ಮತ್ತೆ ಎತ್ತಿಕೊಂಡು, ತಲೆಯ ಕಡೆಯಿಂದ ಕಾಲಿನವರೆಗೆ ನಿಧಾನವಾಗಿ ಹಾಲು ಬಿಟ್ಟಳು. ಮಣ್ಣು ಒಣಗಿತ್ತು, ಎಲ್ಲವನ್ನೂ ಕುಡಿಯಿತು.

ಮನೆಗೆ ಬರುವಾಗ ಅವಳು ಅತ್ತೆಯ ಕೈಯಿಂದ ಕೂಸನ್ನು ಇಸಿದುಕೊಂಡು ಮುಂದೆ ನಡೆದಳು. ತವರಿಗೆ ಹೊರಟಾಳೆ, ಇಲ್ಲವೇ ಬೀದಿಯಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಾಳೆ ಅಂತ ಮುನಿಕೃಷ್ಣಮ್ಮ ಕಾದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಲಕ್ಷ್ಮಿದೇವಮ್ಮ ಕಾಲು ತೊಳೆದು, ಕೂಸಿಗೆ ಹಾಲು ಕೊಟ್ಟು ಮಲಗಿಸಿ, ಒಲೆ ಹೊತ್ತಿಸಿದಳು. ಎಸರು ಕುದಿಯಿತು. ಮುದ್ದೆ ತೊಳಸಿದಳು. ತಟ್ಟೆ ಹಾಕಿ ಅತ್ತೆಯನ್ನು ಕರೆದಳು. ಮುದ್ದೆ ಇಟ್ಟು, ಸಾರು ಬಿಟ್ಟು, ಪಕ್ಕದ ಲೋಟಕ್ಕೆ ನೀರು ಬಗ್ಗಿಸಿ ಎದುರಿಗೆ ಕೂತಳು.

"ಅತ್ತೆ, ಒಂದ್ ಮಾತು ಕೇಳ್ತೀನಿ."

"ಕೇಳವ್ವ."

"ನೀವು ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಕೂಸಿಗೋಸ್ಕರ ಹೇಳಿದ್ರಿ. ಗೊತ್ತಿದ್ರೆ ನಾನೂ ಹೇಳ್ತಿದ್ನೋ ಏನೋ." ಅವಳ ದನಿ ಅಲ್ಲಿಯವರೆಗೂ ನೆಟ್ಟಗಿತ್ತು. "ಆದ್ರೆ ಅವತ್ತು ಮಾವ ಬಾಯಿ ಮುಚ್ಕೊಂಡಾಗ, ನಾನು ಎರಡನೇ ಸಲ ನೀರು ಬಿಟ್ಟಾಗ, ನೀವು ಪಕ್ಕದಲ್ಲೇ ಕೂತಿದ್ರಲ್ಲಾ ಅತ್ತೆ?"

"ಕೂತಿದ್ದೆ ಕಣವ್ವ."

ಲಕ್ಷ್ಮಿದೇವಮ್ಮ ತಲೆಯಾಡಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನೀರಿನ ಲೋಟವನ್ನು ಅತ್ತೆಯ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು.

"ಊಟ ಮಾಡಿ. ಆರೋಗ್ತದೆ," ಅಂದಳು.

ಮುನಿಕೃಷ್ಣಮ್ಮ ಲೋಟ ಎತ್ತಿಕೊಂಡಳು. ಬಾಯಿಯವರೆಗೂ ತಂದಳು. ತುಟಿ ತೆರೆಯುವುದಕ್ಕೆ ಬಹಳ ಹೊತ್ತು ಬೇಕಾಯಿತು.